ಕರೆಂಟಿಲ್ಲದ ಫ್ಯಾಕ್ಟರಿಯಲ್ಲಿ ಸ್ಟ್ರೈಕ್ ಮಾಡುವುದು ಹೇಗೆ?

ಕಳೆದ ವಾರ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನವಾದರೂ ಪತ್ತೆಯಿಲ್ಲ. ಪಕ್ಕದ ಮನೆಯ ರೇಖಾ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಮನೆಗೆ ಬಂದಳು. ಅವಳದು ಇನ್ಶೂರೆನ್ಸ್ ಕಂಪನಿಯ ಕೆಲಸ, ವಾರದಲ್ಲಿ ಅರ್ಧ ಮನೆಯಿಂದಲೇ. ನಮ್ಮ ಇನ್ವರ್ಟರ್ ಮೇಲೆ ಅವಳಿಗೆ ಭಾರೀ ನಂಬಿಕೆ. (ಅದರ ಬ್ಯಾಟರಿಗೆ ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸಾಗಿದೆ ಎನ್ನುವುದು ಪಾಪ, ಅವಳಿಗೆ ಗೊತ್ತಿರಲಿಲ್ಲ.) ಅದೂ ಕೈಕೊಟ್ಟ ಮೇಲೆ ಇಬ್ಬರೂ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕುಳಿತೆವು.

“ಆಂಟಿ, ನೀವು ಕೆಲಸಕ್ಕೆ ಹೋಗ್ತಿದ್ದಾಗ ದಿನಾ ಪವರ್ ಕಟ್ ಇರ್ತಿತ್ತಂತೆ. ಆಗೆಲ್ಲ ಏನು ಮಾಡ್ತಿದ್ರಿ?” ಎಂದು ಕೇಳಿದಳು.

“ಸ್ಟ್ರೈಕ್ ಮಾಡ್ತಿದ್ವಿ” ಎಂದೆ.

ಹುಡುಗಿ ನಕ್ಕಳು. ನಾನೂ ನಕ್ಕೆ. ಆದರೆ ಹೇಳಿದ್ದರಲ್ಲಿ ಸ್ವಲ್ಪ ಸುಳ್ಳಿದೆ. ನಾವು ಸ್ಟ್ರೈಕ್ ಮಾಡಲಿಲ್ಲ, ಮಾಡಲು ಒದ್ದಾಡಿದೆವು. ಏಕೆಂದರೆ ಕರೆಂಟ್ ಇಲ್ಲದೆ ಸ್ಟ್ರೈಕ್ ಮಾಡಲು ಬರುವುದಿಲ್ಲ. ನಂಬಿಕೆ ಬರಲಿಲ್ಲವೇ? ಹಾಗಾದರೆ ನನ್ನ ಜೊತೆ ಒಂದು ಗಳಿಗೆ ತಿಪಟೂರಿಗೆ ಬನ್ನಿ.

ಎಂಬತ್ತರ ದಶಕದ ಶುರುವಿನ ವರ್ಷಗಳು. ಹೊನ್ನವಳ್ಳಿ ರಸ್ತೆಯಲ್ಲಿ ಊರು ಮುಗಿಯುವ ಕಡೆ ನಮ್ಮ ಪೌಡರ್ ಫ್ಯಾಕ್ಟರಿ. ಪೌಡರ್ ಎಂದರೆ ಮುಖಕ್ಕೆ ಹಚ್ಚುವುದಲ್ಲ, ಕಾಯಿಪುಡಿ. ತೆಂಗಿನಕಾಯಿಯ ಕರಟ ಬಿಡಿಸಿ, ಮೇಲಿನ ಕಂದು ಸಿಪ್ಪೆ ಹೆರೆದು, ಬೆಳ್ಳಗಿನ ತಿರುಳನ್ನು ಮೆಷಿನ್ನಿನಲ್ಲಿ ಪುಡಿ ಮಾಡಿ, ಒಣಗಿಸಿ, ಚೀಲ ತುಂಬಿ ಬೊಂಬಾಯಿಗೆ ಕಳಿಸುವುದು. ಅಲ್ಲಿಯ ಬಿಸ್ಕತ್ತು, ಮಿಠಾಯಿಗಳ ಮೇಲೆ ಉದುರಿರುತ್ತಿದ್ದ ಬಿಳಿ ಪುಡಿಯೆಲ್ಲ ನಮ್ಮೂರ ಹೆಂಗಸರ ಕೈಯಿಂದ ಹೋದದ್ದು.

ನಾನು ಅಲ್ಲಿ ಟೈಪಿಸ್ಟ್. ಮನೆಯಲ್ಲಿ ಸಂಬಳ ತಂದ ಮೊದಲ ಹೆಣ್ಣುಮಗಳು. ಇನ್ನೂ ಟೆಂಪೊರರಿ. ಪರ್ಮನೆಂಟ್ ಆರ್ಡರನ್ನು ನಾನೇ ಟೈಪ್ ಮಾಡಿ ಸಾಹುಕಾರರ ಮೇಜಿನ ಮೇಲೆ ಇಟ್ಟಾಗಿತ್ತು, ಸಹಿ ಬೀಳುವುದೊಂದು ಬಾಕಿ. ಬೆಳಿಗ್ಗೆ ಒಳಗೆ ಹೋದ ತಕ್ಷಣ ನನ್ನ ಕಣ್ಣು ಹೋಗುತ್ತಿದ್ದದ್ದು ಆ ಹಾಳೆಯ ಕೆಳಗಿನ ಖಾಲಿ ಜಾಗಕ್ಕೆ. ಸಾಹುಕಾರರು ಕೆಟ್ಟವರೇನಲ್ಲ. ಮಡಿಕೆ ಮುರಿಯದ ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಬಾಯಿ ತುಂಬ ‘ನೋಡಾನ’. ಏನೇ ಕೇಳಿ, “ನೋಡಾನ ಬುಡವ್ವ” ಎನ್ನುತ್ತಿದ್ದರು. ನೋಡುತ್ತಿರಲಿಲ್ಲ, ಅಷ್ಟೇ.

ಆಗಿನ ಕರೆಂಟಿನ ಕಥೆ ನಿಮಗೆ ಗೊತ್ತಲ್ಲ? ಜೋಗದ ಕಡೆ ಮಳೆ ಆಗಲಿಲ್ಲವೆಂದರೆ ತಿಪಟೂರಿನಲ್ಲಿ ಮೆಷಿನ್ ನಿಲ್ಲುತ್ತಿತ್ತು. ಆಕಾಶ ನೋಡುತ್ತ ಕೂರುವವರು ಬರೀ ಬೇಸಾಯದವರು ಎಂದುಕೊಂಡಿದ್ದೆ, ಫ್ಯಾಕ್ಟರಿಯವರೂ ಕೂರುತ್ತಾರೆ ಎನ್ನುವುದು ಕೆಲಸಕ್ಕೆ ಸೇರಿದ ಮೇಲೆ ತಿಳಿಯಿತು. ಕರೆಂಟ್ ಹೋಯಿತೆಂದರೆ ಸಿಪ್ಪೆ ಹೆರೆಯುವ ಹೆಂಗಸರು ಚಾಕುವನ್ನು ಸೊಂಟಕ್ಕೆ ಸಿಗಿಸಿಕೊಂಡು ಎದ್ದುಬಿಡಬೇಕು. ಹೆರೆದ ಕಾಯಿ ಬೇಗ ಮೆಷಿನ್ನಿಗೆ ಬೀಳದಿದ್ದರೆ ಹುಳಿ ಬರುತ್ತದೆ. ಹಾಗಾಗಿ ಕರೆಂಟ್ ಇಲ್ಲದಾಗ ಹೆರೆಯುವ ಹಾಗಿಲ್ಲ.

ಹೆರೆಯದಿದ್ದರೆ ಮನೆಗೆ ಹೋಗಬಹುದೇ? ಅದೂ ಇಲ್ಲ. ಅಂಗಳದ ಹೊಂಗೆ ಮರದ ಕೆಳಗೆ ಕೂತಿರಬೇಕು. ಕರೆಂಟ್ ಬಂತೆಂದರೆ ಸೈರನ್ ಕೂಗುತ್ತದೆ, ತಕ್ಷಣ ಎದ್ದು ಒಳಗೆ ಓಡಬೇಕು. ಕೂತಿದ್ದ ಹೊತ್ತಿಗೆ ಕೂಲಿ ಇಲ್ಲ. ಎಷ್ಟು ಕಾಯಿ ಹೆರೆದೆಯೋ ಅಷ್ಟಕ್ಕೆ ದುಡ್ಡು. ಇನ್ನು ಕಾದದ್ದಕ್ಕೆ? “ಸುಮ್ನೆ ಕುಂತಿದ್ದಕ್ಕೆಲ್ಲ ಯಾರವ್ವ ಕೊಡ್ತಾರೆ?” ಎಂದು ಸಾಹುಕಾರರ ಪ್ರಶ್ನೆ. ಕೇಳಿದರೆ ನ್ಯಾಯವೇ ಅನ್ನಿಸಬೇಕು, ಹಾಗೆ ಕೇಳುತ್ತಿದ್ದರು.

ಇಂಥ ಒಂದು ದಿನ ಸಿದ್ದಮ್ಮ ಎದ್ದು ಮನೆಗೆ ಹೋದಳು.

ಸಿದ್ದಮ್ಮ ಹೆರೆಯುವ ಹೆಂಗಸರಲ್ಲೆಲ್ಲ ಬಾಯಿ ಜೋರು, ಕೈ ಇನ್ನೂ ಜೋರು. ಮನೆ ಕೂಗಳತೆಯಲ್ಲೇ ಇತ್ತು. ಆವತ್ತು ಅವಳ ಎಮ್ಮೆ ಈಯುವುದರಲ್ಲಿತ್ತು. ಹೇಗೂ ಕರೆಂಟ್ ಇಲ್ಲ, ನೋಡಿಕೊಂಡು ಬರೋಣ ಎಂದು ಹೋಗಿದ್ದಾಳೆ. ಕರು ನೆಲಕ್ಕೆ ಬೀಳುವುದಕ್ಕೂ ಸೈರನ್ ಕೂಗುವುದಕ್ಕೂ ಸರಿಹೋಗಿದೆ. ಕೈ ತೊಳೆದು ಓಡಿ ಬರುವಷ್ಟರಲ್ಲಿ ಗೇಟು ಹಾಕಿತ್ತು. ಹೇಳದೆ ಕೇಳದೆ ಹೋದವಳಿಗೆ ಕೆಲಸವಿಲ್ಲ ಎಂದು ಸಾಹುಕಾರರು ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದರು. (ಆ ಕರುವಿಗೆ ಬೀದಿಯವರೆಲ್ಲ ‘ಕರೆಂಟು’ ಎಂದೇ ಹೆಸರಿಟ್ಟರು. ಕರೆದರೆ ಅದೂ ಬರುತ್ತಿರಲಿಲ್ಲವಂತೆ.)

ಗೌಸ್ ಸಾಬರು ಮುಂದೆ ಬಂದದ್ದು ಆಗಲೇ. ನಮ್ಮ ಮೆಷಿನ್‌ಗಳ ಫಿಟ್ಟರ್ ಅವರು. ಮೆಷಿನ್ ಓಡಿದರೆ ಫಿಟ್ಟರ್‌ಗೆ ಕೆಲಸ, ನಿಂತರೆ ಪುರುಸೊತ್ತು. ಆ ಪುರುಸೊತ್ತಿನಲ್ಲಿ ಪೇಪರ್ ಓದುತ್ತಿದ್ದರು. ಪೇಪರ್ ತುಂಬ ಬೆಂಗಳೂರಿನ ಸ್ಟ್ರೈಕು, ಬೊಂಬಾಯಿಯ ಸ್ಟ್ರೈಕು, ಅಲ್ಲಿ ಲಾಕೌಟು, ಇಲ್ಲಿ ಘೇರಾವು. ಕರೆಂಟ್ ಸರಿಯಾಗಿ ಇದ್ದಿದ್ದರೆ ಗೌಸ್ ಸಾಬರು ಲೀಡರ್ ಆಗುತ್ತಲೇ ಇರಲಿಲ್ಲ ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ.

ಬೇಡಿಕೆ ಎರಡೇ. ಸಿದ್ದಮ್ಮನನ್ನು ವಾಪಸ್ ತೆಗೆದುಕೊಳ್ಳಬೇಕು. ಕರೆಂಟ್ ಕಾಯುವ ಹೊತ್ತಿಗೆ ಕೂಲಿ ಕೊಡಬೇಕು, ಇಲ್ಲವೇ ಮನೆಗೆ ಬಿಡಬೇಕು. ಸೋಮವಾರದಿಂದ ಸ್ಟ್ರೈಕ್ ಎಂದು ನೋಟೀಸು ಕೊಟ್ಟರು. ಹೆಂಗಸರೆಲ್ಲ ಹಬ್ಬಕ್ಕೆ ಹೊರಟವರ ಹಾಗೆ ಬುತ್ತಿ ಕಟ್ಟಿಕೊಂಡು ಬಂದರು. ಅವರ ನಡುವೆ ಸೇರಿಕೊಂಡು ಸಿದ್ದಮ್ಮನೂ ಗೇಟು ದಾಟಿದಳು.

ಸೋಮವಾರ ಬೆಳಿಗ್ಗೆ ಕರೆಂಟ್ ಹೋಯಿತು.

ಹೋದದ್ದು ಅಂತಿಂಥ ಹೋಗುವುದಲ್ಲ. ಎಲ್ಲೋ ದೊಡ್ಡದೇ ಏನೋ ಸುಟ್ಟಿದೆಯಂತೆ, ಬರುವುದಕ್ಕೆ ದಿನಗಟ್ಟಲೆ ಆಗುತ್ತದಂತೆ. ಈಗ ನೀವೇ ಯೋಚನೆ ಮಾಡಿ. ಕರೆಂಟ್ ಇಲ್ಲದ ದಿನ ಹೆಂಗಸರು ಏನು ಮಾಡುತ್ತಾರೆ? ಹೊಂಗೆ ಮರದ ಕೆಳಗೆ ಕೂರುತ್ತಾರೆ. ಸ್ಟ್ರೈಕ್ ಮಾಡಿದರೆ? ಹೊಂಗೆ ಮರದ ಕೆಳಗೆ ಕೂರುತ್ತಾರೆ. ವ್ಯತ್ಯಾಸ ಕಂಡುಹಿಡಿಯುವುದು ಹೇಗೆ?

ಸಾಹುಕಾರರು ಕಿಟಕಿಯಿಂದ ಒಮ್ಮೆ ನೋಡಿದರು. ಎಂದಿನಂತೆ ಕೂತಿದ್ದಾರೆ. ಒಳಗೆ ಹೋಗಿ ಎಲೆಅಡಿಕೆ ಹಾಕಿಕೊಂಡರು.

ಗೌಸ್ ಸಾಬರು ಬಿಡುವವರಲ್ಲ. ಹಳೆಯ ಕೊಡೆಯ ಬಟ್ಟೆ ಹರಿದು ಎಲ್ಲರ ತೋಳಿಗೂ ಕಪ್ಪು ಪಟ್ಟಿ ಕಟ್ಟಿಸಿದರು. ಸಾಹುಕಾರರು ಹೊರಗೆ ಬಂದರು, ಮುಖ ಸಣ್ಣ ಮಾಡಿಕೊಂಡರು, ಯಾರು ಹೋಗಿಬಿಟ್ಟರು ಎಂದು ಮೆಲ್ಲಗೆ ವಿಚಾರಿಸಿದರು. ಮುಂದಿನ ಸಾಲಿನಲ್ಲಿದ್ದವರಿಗೆ ನಗು ತಡೆಯಲಾಗಲಿಲ್ಲ. ಸ್ಟ್ರೈಕಿನ ಅರ್ಧ ಬಿಸಿ ಅಲ್ಲೇ ಇಳಿಯಿತು.

ಮಾರನೆಯ ದಿನ ಘೋಷಣೆ. “ಬೇಕೇ ಬೇಕು, ನ್ಯಾಯ ಬೇಕು.” ಸಾಹುಕಾರರು ಗೇಟಿನ ಹತ್ತಿರ ಬಂದು ನಿಂತರು. ಸ್ವಲ್ಪ ಹೊತ್ತು ಕೇಳಿದರು. ಆಮೇಲೆ ತಾವೂ ಕೈ ಎತ್ತಿ, “ಬೇಕೇ ಬೇಕು, ಕರೆಂಟು ಬೇಕು” ಎಂದು ಕೂಗಿದರು. ಪಾಪ, ಬಿಸಿಲಲ್ಲಿ ಕೂಗಿ ಕೂಗಿ ಗಂಟಲು ಒಣಗಿರುತ್ತದೆ ಎಂದು ಮಜ್ಜಿಗೆ ಬೇರೆ ಕಳಿಸಿದರು. ಕುಡಿಯಬೇಕೋ ಬೇಡವೋ ಎಂದು ಅರ್ಧ ಗಂಟೆ ಚರ್ಚೆ ನಡೆಯಿತು. ಇಂಗು ಹಾಕಿದ ಒಗ್ಗರಣೆ ಮಜ್ಜಿಗೆ. ಕುಡಿದರು.

ಸಾಹುಕಾರರಿಗೆ ಎಲ್ಲ ಗೊತ್ತಿತ್ತು, ಅದರಲ್ಲಿ ಅನುಮಾನ ಬೇಡ. ಆದರೆ ಸ್ಟ್ರೈಕ್ ಇದೆ ಎಂದು ಒಪ್ಪಿಕೊಂಡರೆ ಮಾತುಕತೆಗೆ ಕೂರಬೇಕು. ಮಾತುಕತೆಗೆ ಕೂತರೆ ಸಿದ್ದಮ್ಮನ ವಿಷಯ ಬರುತ್ತದೆ. ಹೇಗೂ ಕರೆಂಟ್ ಇಲ್ಲ, ಮೆಷಿನ್ ನಿಂತಿದೆ, ಸ್ಟ್ರೈಕಿನಿಂದ ಅವರಿಗೆ ಹೋಗುವ ಗಂಟೇನು? ಹಾಯಾಗಿದ್ದರು.

ಬುಧವಾರ ತುಮಕೂರಿನಿಂದ ಲೇಬರ್ ಆಫೀಸರ್ ಜೀಪಿನಲ್ಲಿ ಬಂದರು. ಸಾಹುಕಾರರು ತೋಟದಿಂದ ಎಳನೀರು ತರಿಸಿದರು. (ಬೇರೆ ಊರಿನವರಿಗೆ ಇದರ ತೂಕ ತಿಳಿಯಲಿಕ್ಕಿಲ್ಲ. ಕೊಬ್ಬರಿಯಾಗಬೇಕಾದ ಕಾಯನ್ನು ಎಳಸಿನಲ್ಲೇ ಕೊಚ್ಚುವುದಕ್ಕೆ ತಿಪಟೂರಿನವರ ಕೈ ಅಷ್ಟು ಸುಲಭವಾಗಿ ಏಳುವುದಿಲ್ಲ. ಬೀಗರು ಬಂದರೂ ಕಾಫಿಯಲ್ಲೇ ಮುಗಿಸುವ ಜನ ನಾವು.) ಮೆಷಿನ್ ಯಾಕೆ ನಿಂತಿದೆ ಎಂದು ಆಫೀಸರ್ ಕೇಳಿದರು. ಸಾಹುಕಾರರು ತಲೆಯ ಮೇಲಿನ ಬಲ್ಬು ತೋರಿಸಿದರು. ಗೌಸ್ ಸಾಬರು ನಾವು ಸ್ಟ್ರೈಕ್ ಮಾಡುತ್ತಿದ್ದೇವೆ ಎಂದರು. ಈಗ ಕರೆಂಟ್ ಬಂದರೂ ಕೆಲಸ ಮಾಡುವುದಿಲ್ಲವೇ ಎಂದು ಆಫೀಸರ್ ಕೇಳಿದರು. ಮಾಡುವುದಿಲ್ಲ ಎಂದರು ಸಾಬರು. ಹಾಗಾದರೆ ಕರೆಂಟ್ ಬರಲಿ, ಆಮೇಲೆ ನೋಡೋಣ ಎಂದು ಹೇಳಿ ಆಫೀಸರ್ ಜೀಪು ಹತ್ತಿದರು. ಅವರದೇನು ತಪ್ಪು? ಇಲ್ಲದ ಕೆಲಸವನ್ನು ನಿಲ್ಲಿಸಿದ್ದೇವೆ ಎಂದರೆ ಯಾರು ತಾನೇ ಬರೆದುಕೊಳ್ಳುತ್ತಾರೆ?

ಅವತ್ತಿನಿಂದ ಅಂಗಳದಲ್ಲಿ ಒಂದು ವಿಚಿತ್ರ ಶುರುವಾಯಿತು. ಕರೆಂಟ್ ಬಂದರೆ ಮತ್ತೆ ದುಡಿಯಬೇಕಲ್ಲಪ್ಪ ಎಂದು ಗೊಣಗುತ್ತಿದ್ದ ಹೆಂಗಸರು ಈಗ ಕರೆಂಟ್ ಬರಲಿ ಎಂದು ಮನೆದೇವರಿಗೆ ಹರಕೆ ಹೊತ್ತರು. ಬಂದರೆ ತಾನೇ ಕೆಲಸ ಮಾಡದೆ ಇರಬಹುದು! ವರಾಂಡದ ಬಲ್ಬಿನ ಮೇಲೆಯೇ ಎಲ್ಲರ ಕಣ್ಣು. ಬಲ್ಬು ಸುಮ್ಮನೆ ನೇತಾಡುತ್ತಿತ್ತು.

ಇಷ್ಟರಲ್ಲಿ ಒಬ್ಬಳು ಮಾತ್ರ ಫ್ಯಾಕ್ಟರಿಯಲ್ಲಿ ಲಕ್ಷಣವಾಗಿ ಕೆಲಸ ಮಾಡುತ್ತಿದ್ದಳು. ಯಾರು? ನಾನೇ.

ನನ್ನ ಟೈಪ್‌ರೈಟರ್‌ಗೆ ಕರೆಂಟ್ ಬೇಕಿರಲಿಲ್ಲ. ನನ್ನ ಕಣ್ಣಿಗೆ ಮಾತ್ರ ಬೆಳಕು ಬೇಕಿತ್ತು. ಆಫೀಸು ಕತ್ತಲೆ ಎಂದು ಮೇಜನ್ನು ವರಾಂಡಕ್ಕೆ ಎಳೆಸಿಕೊಂಡಿದ್ದೆ, ಹೊಂಗೆ ಮರಕ್ಕೆ ಎದುರಾಗಿ. ಇಡೀ ಫ್ಯಾಕ್ಟರಿ ಸದ್ದಡಗಿ ಕೂತಾಗ ನನ್ನದೊಂದೇ ಟಕಟಕ. ಸಾಹುಕಾರರು ಒಳಗೆ ಒರಗಿಕೊಂಡು ಅದನ್ನೇ ಕೇಳುತ್ತಿದ್ದರು. ನಿಲ್ಲಿಸಿದರೆ, “ಏನವ್ವ, ಮುಗೀತಾ?” ಎಂದು ಒಳಗಿನಿಂದ ದನಿ ಬರುತ್ತಿತ್ತು.

ಗುರುವಾರ ಮಧ್ಯಾಹ್ನ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದಾಗ ಸಿದ್ದಮ್ಮ ಪಕ್ಕಕ್ಕೆ ಬಂದು ನಿಂತಳು. ಅವಳ ಮುಖದಲ್ಲಿ ಎಂದಿನ ಜೋರು ಇರಲಿಲ್ಲ. ಗಂಡನಿಗೆ ಕೊಬ್ಬರಿ ಮಂಡಿಯಲ್ಲಿ ಕೆಲಸ ಸಿಕ್ಕ ದಿನ ಸಿಕ್ಕಿತು, ಇಲ್ಲದ ದಿನ ಇಲ್ಲ, ಮನೆ ನಡೆಯುವುದು ತನ್ನ ಚಾಕುವಿನಿಂದ ಎಂದಳು. ಇನ್ನೊಂದು ವಾರ ಹೀಗೇ ಆದರೆ ಹೆಂಗಸರು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗುತ್ತಾರೆ, ಆಮೇಲೆ ತನ್ನನ್ನು ಯಾರು ಕೇಳುತ್ತಾರೆ ಎಂದಳು. ನಾನು ಡಬ್ಬಿಯ ಮುಚ್ಚಳ ತಿಕ್ಕುತ್ತಲೇ ಇದ್ದೆ.

“ಅವ್ವಾ, ಈ ಫ್ಯಾಕ್ಟ್ರೀಲಿ ಈಗ ಸದ್ದು ಮಾಡ್ತಿರೋದು ನಿಂದೊಂದೇ ಕಣವ್ವ” ಎಂದಳು. “ನಾವು ನಿಲ್ಲಿಸಿದ್ದು ಯಾರ್ಗೂ ಕಾಣ್ತಿಲ್ಲ. ನೀನು ನಿಲ್ಲಿಸಿದ್ರೆ ಕೇಳುಸ್ತದೆ.”

ನೀನು ನಿಲ್ಲಿಸು ಎಂದು ಅವಳು ಹೇಳಲಿಲ್ಲ. ಅಷ್ಟು ಹೇಳಿ ಕೈ ಒರೆಸಿಕೊಂಡು ಹೋದಳು. ಮೇಜಿನ ಮೇಲಿದ್ದ ನನ್ನ ಪರ್ಮನೆಂಟ್ ಆರ್ಡರ್ ಕಣ್ಣ ಮುಂದೆ ಬಂತು. ಅಪ್ಪ ನೆಂಟರ ಮನೆಯಲ್ಲೆಲ್ಲ ‘ನಮ್ಮ ಹುಡುಗಿ ಫ್ಯಾಕ್ಟರೀಲಿ ಇದ್ದಾಳೆ’ ಎಂದು ಹೇಳಿಕೊಂಡು ತಿರುಗುವುದು ನೆನಪಾಯಿತು. ಸಹಿ ಬೀಳುವ ಹೊತ್ತಿಗೆ ನನಗ್ಯಾಕೆ ಊರ ಉಸಾಬರಿ? ಹೀಗೆಲ್ಲ ಅಂದುಕೊಂಡೇ ಮೇಜಿಗೆ ವಾಪಸ್ ಬಂದೆ.

ಅಲ್ಲಿ ಹೊಸ ಕೆಲಸ ಕಾದಿತ್ತು. ವಕೀಲರ ಹತ್ತಿರ ಬರೆಸಿ ತಂದಿದ್ದ ಕರಡು. ಸಾಹುಕಾರರು ಅದನ್ನು ನನ್ನ ಮುಂದಿಟ್ಟು, ಸಂಜೆಯೊಳಗೆ ಮೂರು ಪ್ರತಿ ಆಗಬೇಕು ಎಂದರು. ಓದಿದೆ. ಸಿದ್ದಮ್ಮನನ್ನು ಕೆಲಸದಿಂದ ಖಾಯಮ್ಮಾಗಿ ತೆಗೆದುಹಾಕಲಾಗಿದೆ ಎನ್ನುವ ಆರ್ಡರ್.

ಹಾಳೆ ಸಿಕ್ಕಿಸಿದೆ. ಕಾರ್ಬನ್ ಇಟ್ಟೆ. ಮೇಲೆ ಫ್ಯಾಕ್ಟರಿಯ ಹೆಸರು ಹೊಡೆದೆ. ಎದುರಿಗೆ ಹೊಂಗೆ ಮರ, ಮರದ ಕೆಳಗೆ ಸಿದ್ದಮ್ಮ, ಪಕ್ಕದವಳ ತಲೆ ಬಾಚುತ್ತ ಕೂತಿದ್ದಾಳೆ. ನಾನು ಏನು ಹೊಡೆಯುತ್ತಿದ್ದೇನೆಂದು ಅವಳಿಗೆ ಗೊತ್ತಿಲ್ಲ. ‘ಸಿ’ ಹೊಡೆಯಬೇಕಿತ್ತು. ಬೆರಳು ಮೇಲೆ ಹೋಯಿತು, ಕೆಳಗೆ ಬರಲೇ ಇಲ್ಲ. ಎಮ್ಮೆ ಈಯಿತು ಎಂದು ಒಂದು ಮನೆಯ ಒಲೆ ಆರಿಸುವುದೇ? ಸಿಟ್ಟು ಬಂತು ನನಗೆ. ನನ್ನ ಮೇಲೂ ಬಂತು, ಆ ಬಲ್ಬಿನ ಮೇಲೂ ಬಂತು.

ಟಕಟಕ ನಿಂತಿತು.

ಅದು ನಿಂತಾಗಲೇ ಗೊತ್ತಾದದ್ದು, ಅಲ್ಲಿಯವರೆಗೆ ಎಲ್ಲರೂ ಅದನ್ನೇ ಕೇಳುತ್ತಿದ್ದರು ಎಂದು. ಹೊಂಗೆ ಮರದ ಕೆಳಗಿನ ಮಾತು ನಿಂತಿತು. ಗೌಸ್ ಸಾಬರು ಪೇಪರ್ ಮಡಚಿದರು. ಒಳಗಿನಿಂದ “ಏನವ್ವ, ಮುಗೀತಾ?” ಎಂದು ದನಿ ಬಂತು. ನಾನು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಸಾಹುಕಾರರು ಪಂಚೆ ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದರು.

“ಯಾಕವ್ವ ನಿಲ್ಲಿಸ್ದೆ? ಇದಕ್ಕೂ ಕರೆಂಟ್ ಬೇಕಾ?” ಎಂದರು.

“ಇದಕ್ಕೆ ಬೇಡ ಸಾರ್” ಎಂದೆ. “ಅದಕ್ಕೇ ಇದು ಸ್ಟ್ರೈಕು.”

ಈ ಮಾತು ಎಲ್ಲಿಂದ ಬಂತು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಮೊದಲೇ ಯೋಚಿಸಿದ್ದರೆ ಖಂಡಿತ ಬರುತ್ತಿರಲಿಲ್ಲ. ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಮರವೇ ನಕ್ಕ ಹಾಗಾಯಿತು. ಗೌಸ್ ಸಾಬರಂತೂ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಸಾಹುಕಾರರಿಗೆ ಅದೇ ತಡೆಯಲಾಗಲಿಲ್ಲ. ನಾಲ್ಕು ದಿನ ಮಜ್ಜಿಗೆ ಕೊಟ್ಟು, ಘೋಷಣೆ ಕೂಗಿ ಕಾಪಾಡಿಕೊಂಡಿದ್ದ ತಾಳ್ಮೆ ಒಂದು ನಗುವಿಗೆ ಹೋಯಿತು. ದಡದಡ ಒಳಗೆ ಹೋಗಿ ತುಮಕೂರಿಗೆ ಟ್ರಂಕ್ ಕಾಲ್ ಹಾಕಿದರು. ಈಗಿನವರಿಗೆ ಟ್ರಂಕ್ ಕಾಲ್ ಎಂದರೆ ಅರ್ಥವಾಗದು. ಫೋನಿನಲ್ಲಿ ಮಾತಾಡಿದ್ದು ತುಮಕೂರಿಗೆ ಕೇಳಬೇಕೆಂದರೆ ಮೊದಲು ತಿಪಟೂರಿಗೆಲ್ಲ ಕೇಳಬೇಕಿತ್ತು. ಆಫೀಸರ್ ಹೇಳಿದ್ದು ನಮಗೆ ಕೇಳಿಸಲಿಲ್ಲ. ಸಾಹುಕಾರರು ಹೇಳಿದ್ದು ಹೊಂಗೆ ಮರದ ತುದಿಯ ಕಾಗೆಗೂ ಕೇಳಿಸಿತು. ನಮ್ಮ ಟೈಪಿಸ್ಟು ಕೆಲಸ ನಿಲ್ಲಿಸಿದ್ದಾಳೆ ಎಂದರು. ಅವಳೂ ಅವರ ಜೊತೆ ಸೇರಿಕೊಂಡಿದ್ದಾಳೆ ಎಂದರು. ಯಾರ ಜೊತೆ ಎಂದು ಆ ಕಡೆಯಿಂದ ಕೇಳಿರಬೇಕು.

“ಸ್ಟ್ರೈಕ್ ಮಾಡ್ತಾವ್ರಲ್ಲ ಸಾರ್, ಅವ್ರ ಜೊತೆ” ಎಂದು ಸಾಹುಕಾರರು ಕೂಗಿದರು.

ಕೂಗಿದ ಮೇಲೆ ಅವರಿಗೇ ಹೊಳೆಯಿತು. ಫೋನಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದರು. ಗೌಸ್ ಸಾಬರು ವರಾಂಡದ ಮೆಟ್ಟಿಲ ಮೇಲೆ ನಿಂತು ಸಲಾಂ ಹೊಡೆದರು.

ಮಾರನೆಯ ದಿನವೇ ಜೀಪು ಬಂತು. ಈ ಸಲ ಆಫೀಸರ್ ಬಲ್ಬಿನ ಕಡೆ ನೋಡಲಿಲ್ಲ, ಎಳನೀರೂ ಬೇಡವೆಂದರು. ವರಾಂಡದಲ್ಲೇ ಕುರ್ಚಿ ಹಾಕಿಸಿದರು. ಎರಡೂ ಕಡೆಯವರನ್ನು ಕೂರಿಸಿಕೊಂಡರು. ಸಿದ್ದಮ್ಮನ ವಿಷಯ ಬೇಗ ಬಗೆಹರಿಯಿತು. ಎಮ್ಮೆ ಈದದ್ದಕ್ಕೆ ಇಷ್ಟೆಲ್ಲ ಆಯಿತೇ ಎಂದು ಆಫೀಸರ್ ಕೇಳಿದಾಗ ಸಾಹುಕಾರರಿಗೇ ಸ್ವಲ್ಪ ನಾಚಿಕೆಯಾದ ಹಾಗಿತ್ತು. ವಾಪಸ್ ಬರಲಿ ಬಿಡಿ ಎಂದುಬಿಟ್ಟರು. ಹೆಂಗಸರು ಚಪ್ಪಾಳೆ ತಟ್ಟಿದರು. ಸಿದ್ದಮ್ಮ ಮಾತ್ರ ತಟ್ಟಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಸೊಂಟದ ಚಾಕುವನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಕೂತಳು.

ಒಪ್ಪಂದವನ್ನು ಟೈಪ್ ಮಾಡಿಸಿ ಎಂದರು ಆಫೀಸರ್. ಎಲ್ಲರೂ ನನ್ನ ಕಡೆ ತಿರುಗಿದರು. ಅಲ್ಲಿ ಇನ್ನೊಂದು ಫಜೀತಿ. ನಾನು ಸ್ಟ್ರೈಕಿನಲ್ಲಿದ್ದೆನಲ್ಲ? ಸಹಿ ಆಗದೆ ಸ್ಟ್ರೈಕ್ ಮುಗಿಯದು, ಟೈಪ್ ಆಗದೆ ಸಹಿ ಆಗದು, ಸ್ಟ್ರೈಕ್ ಮುಗಿಯದೆ ನಾನು ಟೈಪ್ ಮಾಡುವ ಹಾಗಿಲ್ಲ. ಕೊನೆಗೆ ಗೌಸ್ ಸಾಬರು ಗಂಭೀರವಾಗಿ ಎದ್ದು ನಿಂತು, ಒಂದು ಪುಟಕ್ಕೆ ಮಾತ್ರ ಸ್ಪೆಷಲ್ ಪರ್ಮಿಷನ್ ಕೊಟ್ಟರು.

(ನನ್ನ ಪರ್ಮನೆಂಟ್ ಆರ್ಡರ್ ಏನಾಯಿತು ಎನ್ನುತ್ತೀರಾ? ಅದಕ್ಕೂ ಸಹಿ ಬಿತ್ತು. ಆ ವರ್ಷ ಅಲ್ಲ, ಮುಂದಿನ ವರ್ಷ. “ನೋಡಾನ ಬುಡವ್ವ” ಎಂದವರು ಒಂದು ಸಲವಾದರೂ ನೋಡಿದರಲ್ಲ, ಅದೇ ದೊಡ್ಡದು.)

ಉಳಿದದ್ದು ಎರಡನೆಯ ಬೇಡಿಕೆ. ಕರೆಂಟ್ ಕಾಯುವ ಹೊತ್ತು. ಅದರಲ್ಲಿ ಸಾಹುಕಾರರು ಜಗ್ಗಲಿಲ್ಲ. ಒಪ್ಪಂದದ ಮೊದಲ ಸಾಲು ಟೈಪ್ ಆಗಿತ್ತು, ಎರಡನೆಯ ಸಾಲಿಗೆ ನಾನು ಕೈ ಎತ್ತಿಕೊಂಡು ಕಾಯುತ್ತಿದ್ದೆ. ಆಫೀಸರ್ ಎಷ್ಟೋ ಹೇಳಿದರು. ಗೌಸ್ ಸಾಬರು ಪೇಪರಿನಲ್ಲಿ ಓದಿದ್ದನ್ನೆಲ್ಲ ಹೇಳಿದರು. ನಾವು ಯೋಚನೆ ಮಾಡಿದರೆ ನಮ್ಮ ಬದುಕಿನಲ್ಲಿ ಅರ್ಧ ಕಾಯುವುದರಲ್ಲೇ ಹೋಗುತ್ತದೆ, ಅಲ್ಲವೇ? ಬಸ್ಸಿಗೆ, ನಲ್ಲಿ ನೀರಿಗೆ, ಸೀಮೆಎಣ್ಣೆಗೆ, ಇನ್ನೊಬ್ಬರ ಸಹಿಗೆ. ಕಾಯಿಸುವವರಿಗೆ ಅದು ಕೆಲಸ ಅನ್ನಿಸುವುದಿಲ್ಲ, ಸುಮ್ಮನೆ ಕೂತಿದ್ದಾರೆ ಅನ್ನಿಸುತ್ತದೆ. ಸಾಹುಕಾರರಿಗೂ ಹಾಗೇ ಅನ್ನಿಸಿತ್ತು. ಅವರು ಆಫೀಸರ್ ಕಡೆ ತಿರುಗಿ, ಈ ಐದು ದಿನ ಕರೆಂಟಿಗಾಗಿ ನಾನೂ ಇಲ್ಲೇ ಕಾದು ಕುಂತಿದ್ದೆ, ನನ್ನ ಕೂಲಿ ಯಾರು ಕೊಡುತ್ತಾರೆ ಎಂದು ಕೇಳಿದರು. ಆಫೀಸರ್ ಪೆನ್ನಿನ ಮುಚ್ಚಳ ಹಾಕಿದರು. ಗೌಸ್ ಸಾಬರು ಮತ್ತೆ ಪೇಪರ್ ಬಿಚ್ಚಿದರು.

ಸಾಹುಕಾರರು ಆ ಸಾಲನ್ನೂ ಟೈಪ್ ಮಾಡಿಸಿ, ಪೆನ್ನು ತೆಗೆದು ಸಹಿ ಹಾಕಿದ್ದು ಅದಾದ ಮೇಲೆ ಸಿದ್ದಮ್ಮ ಕೂತಲ್ಲಿಂದಲೇ ಕೇಳಿದ ಮಾತಿಗೆ. ದನಿ ಏರಿಸಲಿಲ್ಲ, ಕೈ ಮುಗಿದೇ ಕೇಳಿದಳು.

“ನೀವು ಎದ್ದು ಮನೆಗೋಗಿದ್ರೆ, ನಿಮ್ ಹೆಸರ ಯಾರ್ ಹೊಡೆದಾಕ್ತಿದ್ರು ಸಾವ್ಕಾರ್ರೆ?”